ಟೆಂಪ್ಲೇಟ್ ಒಂದೇ, ಪ್ರಿಂಟ್ ಮಾತ್ರ ಬೇರೆ ಬೇರೆ: ಏಕೆ?

ಕಚೇರಿಯ ಶೇರ್ಡ್ ಫೋಲ್ಡರ್‌ನಲ್ಲಿ ಒಂದು ಲೆಟರ್‌ಹೆಡ್ ಟೆಂಪ್ಲೇಟ್ ಇದೆ ಎಂದುಕೊಳ್ಳಿ. ಅದನ್ನು ತಯಾರಿಸಿದವರ ಮೇಜಿನಲ್ಲಿ ಪತ್ರ ಒಂದೇ ಹಾಳೆಯಲ್ಲಿ ಅಚ್ಚುಕಟ್ಟಾಗಿ ಮುಗಿಯುತ್ತದೆ. ಪಕ್ಕದ ವಿಭಾಗದಲ್ಲಿ ಅದೇ ಪತ್ರದ ಸಹಿಯ ಸಾಲು ಎರಡನೇ ಪುಟಕ್ಕೆ ಜಾರುತ್ತದೆ. ಮೇಲಿನ ಮಹಡಿಯಲ್ಲಿ ಫೂಟರ್‌ನಲ್ಲಿರುವ ವಿಳಾಸದ ಕೊನೆಯ ಸಾಲು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಇನ್ನೊಂದು ಶಾಖೆಯಲ್ಲಂತೂ ಪ್ರಿಂಟರ್ ಹಾಳೆಯನ್ನೇ ಎಳೆಯದೆ ದೀಪ ಮಿನುಗಿಸುತ್ತ ನಿಂತುಬಿಡುತ್ತದೆ. ಆಗ ಎಲ್ಲರ ಅನುಮಾನವೂ ಪ್ರಿಂಟರ್ ಮೇಲೆಯೇ. ಡ್ರೈವರ್ ತೆಗೆದು ಮತ್ತೆ ಹಾಕುತ್ತಾರೆ, ಟೋನರ್ ಅಲುಗಾಡಿಸಿ ನೋಡುತ್ತಾರೆ, ಕೊನೆಗೆ ಸರ್ವೀಸ್‌ನವರಿಗೆ ಫೋನ್ ಮಾಡುತ್ತಾರೆ. ಈ ಮೂರು ತೊಂದರೆಗಳಲ್ಲಿ ಒಂದಕ್ಕೂ ಪ್ರಿಂಟರ್ ಕೆಟ್ಟಿರಬೇಕಾಗಿಲ್ಲ. ಟೆಂಪ್ಲೇಟ್ ತಯಾರಾದ ಮೇಜಿನ ಫಾಂಟು, ಆ ಮೇಜಿನ ಪ್ರಿಂಟರು, ಆ ಮೇಜಿನ ಕಾಗದ ಎಲ್ಲ ಕಡೆಯೂ ಇರುತ್ತವೆ ಎಂಬ ಎಣಿಕೆ ಆ ಕಡತದೊಳಗೆ ಸೇರಿಕೊಂಡಿರುತ್ತದೆ. ಹುಡುಕಬೇಕಾದದ್ದು ಅದನ್ನು.

“ಟೆಂಪ್ಲೇಟ್ ಒಂದೇ ಆದಮೇಲೆ ಪ್ರಿಂಟೂ ಒಂದೇ ಬರಬೇಕು”

ಉಳಿದ ತಪ್ಪು ತಿಳಿವಳಿಕೆಗಳಿಗೆಲ್ಲ ತಾಯಿಬೇರು ಇದು. ವರ್ಡ್ ಟೆಂಪ್ಲೇಟ್ ತನ್ನೊಳಗೆ ಕಾಗದದ ಅಳತೆ, ಮಾರ್ಜಿನ್, ಸ್ಟೈಲ್, ಹೆಡರ್, ಫೂಟರ್, ಯಾವ ಟ್ರೇಯಿಂದ ಹಾಳೆ ಬರಬೇಕು ಎಂಬುದನ್ನು ಇಟ್ಟುಕೊಂಡಿರುತ್ತದೆ. ಫಾಂಟ್ ವಿಷಯದಲ್ಲಿ ಮಾತ್ರ, ಬೇಕೆಂದೇ ಸೇರಿಸದಿದ್ದರೆ, ಅದರ ಬಳಿ ಇರುವುದು ಬರೀ ಹೆಸರು. ಅಕ್ಷರಗಳನ್ನು ಆಯಾ ಕಂಪ್ಯೂಟರೇ ಒದಗಿಸಬೇಕು. ಹಿನ್ನೆಲೆ ಬಣ್ಣ ಪ್ರಿಂಟ್ ಆಗಬೇಕೇ, ಬಿಡಿಸಿದ ಚೌಕಟ್ಟುಗಳು ಪ್ರಿಂಟ್ ಆಗಬೇಕೇ ಎಂಬ ಆಯ್ಕೆಗಳು ಕಡತದಲ್ಲಿರುವುದಿಲ್ಲ; ಅವು ಪ್ರತಿಯೊಬ್ಬರ ಕಂಪ್ಯೂಟರಿನ ವರ್ಡ್ ಆಪ್ಷನ್ಸ್‌ನಲ್ಲಿರುತ್ತವೆ. ಹಾಳೆಯ ಯಾವ ಭಾಗದವರೆಗೆ ಮುದ್ರಿಸಬಹುದು ಎಂಬುದು ಪ್ರಿಂಟರಿಗೆ ಬಿಟ್ಟದ್ದು. ಕಚೇರಿಗಳಲ್ಲಿ ಬಳಸುವ ಲೇಸರ್ ಪ್ರಿಂಟರ್‌ಗಳು ಸಾಮಾನ್ಯವಾಗಿ ನಾಲ್ಕೂ ಅಂಚಿನಲ್ಲಿ ಸುಮಾರು 4 ಮಿಲಿಮೀಟರ್ ಖಾಲಿ ಬಿಡುತ್ತವೆ. ಅಂಚಿನವರೆಗೂ ಮುದ್ರಿಸುವ ಇಂಕ್‌ಜೆಟ್ ನೋಡಿಕೊಂಡು ಯಾರೋ ಫೂಟರ್ ಅನ್ನು ಕೆಳಗಂಚಿಗೆ 3 ಮಿಲಿಮೀಟರ್ ಹತ್ತಿರ ಕೂರಿಸಿದ್ದರೆ, ಲೇಸರ್‌ನಲ್ಲಿ ವಿಳಾಸ ಕತ್ತರಿಸಿಹೋಗಲೇಬೇಕು. ಮಾರ್ಜಿನ್ ಮುದ್ರಣದ ಜಾಗದಿಂದ ಹೊರಗಿದೆ ಎಂದು ವರ್ಡ್ ಎಚ್ಚರಿಕೆ ಕೊಟ್ಟಾಗ ನಾವು ಓದದೆಯೇ ‘ಇಗ್ನೋರ್’ ಒತ್ತುತ್ತೇವೆ. ವರ್ಡ್ ತಾನಾಗಿ ಫೂಟರ್‌ಗೆ ಕೊಡುವ ದೂರ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹಲವರು ಬಳಸುವ ಟೆಂಪ್ಲೇಟ್‌ನಲ್ಲಿ ಅದನ್ನು ಕಡಿಮೆ ಮಾಡದಿರುವುದೇ ಒಳ್ಳೆಯದು.

ಇನ್ನೂ ಒಂದು ಮಾತು. ವರ್ಡ್‌ನಲ್ಲಿ ಪುಟ ಎಂಬುದು ಮೊದಲೇ ಕಟ್ಟಿಟ್ಟದ್ದಲ್ಲ. ಕಡತ ತೆರೆದಾಗಲೆಲ್ಲ ಆ ಕಂಪ್ಯೂಟರಿನಲ್ಲಿರುವ ಫಾಂಟ್ ಮತ್ತು ಡೀಫಾಲ್ಟ್ ಪ್ರಿಂಟರ್ ನೋಡಿಕೊಂಡು ಅದು ಸಾಲುಗಳನ್ನೂ ಪುಟಗಳನ್ನೂ ಹೊಸದಾಗಿ ಜೋಡಿಸುತ್ತದೆ. ವಿಂಡೋಸ್‌ನಲ್ಲಿ ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ ಎಂಬ ಆಯ್ಕೆ ಇದೆ. ಅದು ಆನ್ ಆಗಿದ್ದರೆ ಕೊನೆಯ ಸಲ ಯಾವುದಕ್ಕೆ ಪ್ರಿಂಟ್ ಕೊಟ್ಟಿರೋ ಅದೇ ಡೀಫಾಲ್ಟ್ ಆಗಿಬಿಡುತ್ತದೆ. ನಿನ್ನೆ ಸರಿಯಿದ್ದ ಪತ್ರ ಇವತ್ತು ಒಂದು ಸಾಲು ಜಾರಿದ್ದರೆ ಇದನ್ನೂ ಒಮ್ಮೆ ನೋಡಿ.

“ನಮ್ಮಲ್ಲಿರುವುದು ಎ4 ಹಾಳೆ, ಹಾಗಾಗಿ ಟೆಂಪ್ಲೇಟೂ ಎ4”

ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಟೆಂಪ್ಲೇಟ್‌ಗಳಲ್ಲಿ ಎಷ್ಟೋ ಅಮೆರಿಕದ ಲೆಟರ್ ಅಳತೆಯವು. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಉದ್ದ. ಲೆಟರ್ ಹಾಳೆ 215.9 ಅಗಲ, 279.4 ಉದ್ದ. ಎ4ಗಿಂತ 5.9 ಮಿಲಿಮೀಟರ್ ಅಗಲ ಹೆಚ್ಚು, 17.6 ಮಿಲಿಮೀಟರ್ ಉದ್ದ ಕಡಿಮೆ. ಪರದೆಯ ಮೇಲೆ ಈ ವ್ಯತ್ಯಾಸ ಕಣ್ಣಿಗೆ ಹೊಳೆಯುವುದೇ ಇಲ್ಲ. ಪ್ರಿಂಟರಿಗೆ ಹೊಳೆಯುತ್ತದೆ. ಲೆಟರ್ ಹಾಳೆ ಹಾಕಿ ಎಂದು ಅದು ಕಾಯುತ್ತ ನಿಲ್ಲುತ್ತದೆ.

ಒಂದು ಕಂಪ್ಯೂಟರಿನಿಂದ ಕೊಟ್ಟಾಗ ನಿಲ್ಲದೆ, ಇನ್ನೊಂದರಿಂದ ಕೊಟ್ಟಾಗ ಮಾತ್ರ ನಿಲ್ಲುವುದೇಕೆ? ವರ್ಡ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ, ಪ್ರಿಂಟ್ ಎಂಬ ತಲೆಬರಹದ ಕೆಳಗೆ, ಎ4 ಮತ್ತು ಲೆಟರ್ ನಡುವೆ ಪುಟವನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸುವ ಒಂದು ಆಯ್ಕೆ ಇದೆ. ಅದು ಆನ್ ಇದ್ದವರ ಪತ್ರ ಸದ್ದಿಲ್ಲದೆ ಸ್ವಲ್ಪ ಕುಗ್ಗಿ ಹೊರಬರುತ್ತದೆ. ಸಾಮಾನ್ಯ ಪತ್ರಕ್ಕೆ ಇದರಿಂದ ನಷ್ಟವಿಲ್ಲ. ಮೊದಲೇ ಅಚ್ಚಾದ ಅರ್ಜಿ ನಮೂನೆಯ ಖಾಲಿ ಗೆರೆಗಳ ಮೇಲೆ ಹೆಸರು ಕೂರಿಸುವ ಟೆಂಪ್ಲೇಟ್ ಆದರೆ ಒಂದಕ್ಷರವೂ ಸರಿಯಾದ ಜಾಗದಲ್ಲಿ ಬೀಳುವುದಿಲ್ಲ. ಸರಿಪಡಿಸಬೇಕಾದದ್ದು ಟೆಂಪ್ಲೇಟಿನಲ್ಲೇ: ಪೇಜ್ ಸೆಟಪ್‌ನಲ್ಲಿ ಎ4 ಆರಿಸಿ, ‘ಅಪ್ಲೈ ಟು’ ಎಂಬಲ್ಲಿ ‘ಹೋಲ್ ಡಾಕ್ಯುಮೆಂಟ್’ ಕೊಡಿ.

ಆ ಕೊನೆಯ ಆಯ್ಕೆಯನ್ನು ಮರೆಯಬೇಡಿ. ಸೆಕ್ಷನ್ ಬ್ರೇಕ್ ಇರುವ ಕಡತದಲ್ಲಿ ಪ್ರತಿ ಸೆಕ್ಷನ್‌ಗೂ ಅದರದೇ ಕಾಗದದ ಅಳತೆ, ಅದರದೇ ಟ್ರೇ. ವಕೀಲರ ಕಚೇರಿಗಳಿಗೆ ಇದು ಬೇಗ ಅರ್ಥವಾಗುತ್ತದೆ. ಸುಪ್ರೀಂ ಕೋರ್ಟ್ 2020ರ ಏಪ್ರಿಲ್ 1ರಿಂದ ಎ4 ಹಾಳೆಯ ಎರಡೂ ಬದಿಯಲ್ಲಿ ಮುದ್ರಿಸುವ ಪದ್ಧತಿಯನ್ನು ಜಾರಿಗೆ ತಂದಿತು. 355.6 ಮಿಲಿಮೀಟರ್ ಉದ್ದದ ಲೀಗಲ್ ಹಾಳೆಗೆಂದು ಮಾಡಿದ ಹಳೆಯ ಟೆಂಪ್ಲೇಟನ್ನು ಎ4ಗೆ ಬದಲಿಸುವಾಗ ಮೊದಲ ಸೆಕ್ಷನ್ ಮಾತ್ರ ಬದಲಾಗಿ ಅನುಬಂಧದ ಪುಟಗಳು ಲೀಗಲ್ ಆಗಿಯೇ ಉಳಿದರೆ, ಹತ್ತು ಪುಟ ಸರಾಗವಾಗಿ ಬಂದು ಹನ್ನೊಂದನೆಯದಕ್ಕೆ ಪ್ರಿಂಟರ್ ನಿಲ್ಲುತ್ತದೆ.

“ಪ್ರಿಂಟರ್ ಹಾಳೆ ಕೇಳುತ್ತಿದೆ, ಅಂದರೆ ಟ್ರೇ ಖಾಲಿ”

ಟ್ರೇ ತುಂಬ ಹಾಳೆ ಇದ್ದರೂ ಪ್ರಿಂಟರ್ ಕೇಳಬಹುದು. ಅಳತೆಯೂ ಸರಿಯಿದ್ದರೆ ಆಗ ನೋಡಬೇಕಾದದ್ದು ಪೇಜ್ ಸೆಟಪ್‌ನ ‘ಪೇಪರ್’ ಎಂಬ ಭಾಗ. ಅಲ್ಲಿ ಮೊದಲ ಪುಟಕ್ಕೆ ಒಂದು ಟ್ರೇ, ಉಳಿದ ಪುಟಗಳಿಗೆ ಇನ್ನೊಂದು ಟ್ರೇ ಎಂದು ಹೇಳುವ ಸೌಲಭ್ಯವಿದೆ. ಮೊದಲ ಪುಟ ಅಚ್ಚಾದ ಲೆಟರ್‌ಹೆಡ್ ಮೇಲೆ, ಉಳಿದದ್ದು ಬಿಳಿ ಹಾಳೆಯ ಮೇಲೆ ಬರಲಿ ಎಂದು ಟೆಂಪ್ಲೇಟ್ ಮಾಡುವವರು ಇದನ್ನು ಬಳಸುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ಕಡತದಲ್ಲಿ ಉಳಿಯುವುದು ‘ಎರಡನೇ ಟ್ರೇ’ ಎಂಬ ಮಾತಲ್ಲ, ಒಂದು ಸಂಖ್ಯೆ. ವಿಂಡೋಸ್‌ನಲ್ಲಿ ಕೆಲವು ಸಂಖ್ಯೆಗಳು ಎಲ್ಲ ಪ್ರಿಂಟರಿಗೂ ಸಮಾನ. ಉದಾಹರಣೆಗೆ 4 ಎಂದರೆ ಕೈಯಿಂದ ಹಾಳೆ ಕೊಡುವುದು, 7 ಎಂದರೆ ತಾನಾಗಿ ಆರಿಸಿಕೊಳ್ಳುವುದು. 256ರಿಂದ ಮುಂದಿನವು ಆಯಾ ತಯಾರಕರಿಗೆ ಬಿಟ್ಟವು. ಒಂದು ಕಂಪನಿಯ ಪ್ರಿಂಟರಿನಲ್ಲಿ ಕೆಳಗಿನ ಟ್ರೇಯನ್ನು ಸೂಚಿಸುವ ಸಂಖ್ಯೆ ಇನ್ನೊಂದು ಕಂಪನಿಯದರಲ್ಲಿ ಬೇರೆ ಟ್ರೇ ಆಗಿರಬಹುದು, ಅಥವಾ ಅಂಥದ್ದೊಂದು ಇಲ್ಲದೆಯೂ ಇರಬಹುದು. ಪ್ರಧಾನ ಕಚೇರಿಯಲ್ಲಿ ಚೆನ್ನಾಗಿ ನಡೆಯುವ ಟೆಂಪ್ಲೇಟ್ ಶಾಖೆಯಲ್ಲಿ ಮುಷ್ಕರ ಹೂಡುವುದು ಹೀಗೆ.

ಬೇರೆ ಬೇರೆ ಪ್ರಿಂಟರ್ ಇರುವ ಕಡೆಗೆಲ್ಲ ಹೋಗುವ ಟೆಂಪ್ಲೇಟಿನಲ್ಲಿ ಎರಡೂ ಕಡೆ ‘ಡೀಫಾಲ್ಟ್ ಟ್ರೇ’ ಇಡುವುದೇ ಸರಿ ಎಂದು ನಾನು ಒತ್ತಿ ಹೇಳುತ್ತೇನೆ. ಲೆಟರ್‌ಹೆಡ್ ಟ್ರೇ ಬೇಕಾದವರು ಪ್ರಿಂಟ್ ಕೊಡುವಾಗ ಆರಿಸಿಕೊಳ್ಳಲಿ.

“ಕನ್ನಡ ಅಕ್ಷರ ಕೆಟ್ಟಿವೆ, ಫೈಲಿಗೆ ವೈರಸ್ ಬಂದಿದೆ”

ಪೆನ್‌ಡ್ರೈವ್‌ನಲ್ಲಿ ತಂದ ಪ್ರಮಾಣಪತ್ರದ ಟೆಂಪ್ಲೇಟ್ ತೆರೆದರೆ ಕನ್ನಡದ ಬದಲು ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ರೋಮನ್ ಅಕ್ಷರಗಳ ರಾಶಿ. ಜೆರಾಕ್ಸ್ ಅಂಗಡಿಗಳಲ್ಲಿ ದಿನವೂ ಕಾಣುವ ನೋಟ ಇದು. ಕಡತ ಕೆಟ್ಟಿಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಒಳಗಿರುವುದು ರೋಮನ್ ಲಿಪಿಯ ಸಂಕೇತಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಕಟ್ಟಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಚೌಕಿಯಲ್ಲಿ ಬಣ್ಣ ತೊಳೆದು ಕೂತ ಯಕ್ಷಗಾನ ಕಲಾವಿದರಂತೆ ಕಾಣುತ್ತವೆ. ಅದೇ ಫಾಂಟ್ ಹಾಕಿದರೆ ಪಠ್ಯ ಮರಳುತ್ತದೆ. ಇಷ್ಟಕ್ಕೆ ಇಡೀ ಪ್ರಮಾಣಪತ್ರವನ್ನು ಮತ್ತೆ ಟೈಪ್ ಮಾಡಿಸುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಟೆಂಪ್ಲೇಟಿಗೆ ಈ ಗಂಡಾಂತರವಿಲ್ಲ, ಅಲ್ಲಿ ಕ ಎಂದರೆ ಎಲ್ಲೆಡೆಯೂ ಕ. ಆದರೆ ಯುನಿಕೋಡ್ ಬಂದಮೇಲೆ ಪುಟವೂ ಒಂದೇ ಥರ ಬರುತ್ತದೆ ಎಂದು ತಿಳಿಯಬಾರದು. ಟೆಂಪ್ಲೇಟ್ ಕೇಳಿದ ಫಾಂಟ್ ಇಲ್ಲದಿದ್ದರೆ ವಿಂಡೋಸ್ ತನ್ನಲ್ಲಿರುವ ತುಂಗಾ ಅಥವಾ ನಿರ್ಮಲಾ ಯುಐ ಬಳಸಬಹುದು. ಅವುಗಳ ಅಕ್ಷರದ ಅಗಲವೂ ಒತ್ತಕ್ಷರಕ್ಕೆ ಬೇಕಾದ ಸಾಲಿನ ಎತ್ತರವೂ ಬೇರೆ. ಸಹಿಯ ಸಾಲು ಮುಂದಿನ ಪುಟಕ್ಕೆ ಹೋಗಲು ಅಷ್ಟು ಸಾಕು. ಇಂಗ್ಲಿಷ್ ಪಠ್ಯಕ್ಕೂ ಇದೇ ಕಥೆ. ಆಫೀಸ್ 2007ರಿಂದ ಡೀಫಾಲ್ಟ್ ಆಗಿದ್ದ ಕ್ಯಾಲಿಬ್ರಿಯ ಜಾಗಕ್ಕೆ ಮೈಕ್ರೋಸಾಫ್ಟ್ 2023ರಲ್ಲಿ ಆಪ್ಟೋಸ್ ಫಾಂಟನ್ನು ತರತೊಡಗಿತು. ಹೊಸ ಆವೃತ್ತಿಯಲ್ಲಿ ಮಾಡಿದ ಟೆಂಪ್ಲೇಟ್ ಹಳೆಯ ಆಫೀಸ್ ಇರುವ ಕಂಪ್ಯೂಟರಿಗೆ ಹೋದರೆ ಅಲ್ಲಿ ಆಪ್ಟೋಸ್ ಇರುವುದಿಲ್ಲ.

ಕನ್ನಡಕ್ಕೇ ಸೇರಿದ ಇನ್ನೊಂದು ತೊಡಕು ಇದೆ, ಬಹಳ ಜನ ಗಮನಿಸದ್ದು. ವರ್ಡ್ ಪ್ರತಿ ಸ್ಟೈಲ್‌ಗೂ ಎರಡು ಫಾಂಟ್, ಎರಡು ಗಾತ್ರ ಇಟ್ಟುಕೊಂಡಿರುತ್ತದೆ: ಒಂದು ಲ್ಯಾಟಿನ್ ಪಠ್ಯಕ್ಕೆ, ಇನ್ನೊಂದು ಅದು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ಕರೆಯುವ ಲಿಪಿಗಳಿಗೆ. ಕನ್ನಡ ಈ ಎರಡನೇ ಗುಂಪಿನಲ್ಲಿದೆ. ಸ್ಟೈಲ್‌ನಲ್ಲಿ ಲ್ಯಾಟಿನ್ ಗಾತ್ರವನ್ನು 14 ಮಾಡಿ, ಇನ್ನೊಂದನ್ನು 11ರಲ್ಲೇ ಬಿಟ್ಟರೆ ಇಂಗ್ಲಿಷ್ ದೊಡ್ಡದಾಗುತ್ತದೆ, ಕನ್ನಡ ಚಿಕ್ಕದಾಗಿಯೇ ಪ್ರಿಂಟ್ ಆಗುತ್ತದೆ. ಟೈಪ್ ಮಾಡುವವರು ಆಗ ಪ್ರತಿ ಪತ್ರದಲ್ಲೂ ಪಠ್ಯವನ್ನು ಆಯ್ದು ಕೈಯಾರೆ ಗಾತ್ರ ಬದಲಿಸುತ್ತ ಕೂರುತ್ತಾರೆ. ಫಾಂಟ್ ಚೌಕದಲ್ಲಿ ಎರಡೂ ಸಾಲುಗಳನ್ನು ಟೆಂಪ್ಲೇಟಿನಲ್ಲೇ ಒಮ್ಮೆ ತುಂಬಿಟ್ಟರೆ ಆ ಶ್ರಮ ತಪ್ಪುತ್ತದೆ. ವರ್ಡ್ ಆಪ್ಷನ್ಸ್‌ನ ‘ಸೇವ್’ ಭಾಗದಲ್ಲಿ ಫಾಂಟನ್ನು ಕಡತದೊಳಗೇ ಸೇರಿಸುವ ಆಯ್ಕೆಯೂ ಇದೆ. ಫಾಂಟಿನ ಪರವಾನಗಿ ಒಪ್ಪಿದರೆ ಮಾತ್ರ ಅದು ಸಾಧ್ಯ.

“ಪರದೆಯ ಮೇಲೆ ಕಂಡದ್ದೇ ಹಾಳೆಯ ಮೇಲೆ”

ಹೆಡರ್‌ನಲ್ಲಿರುವ ಲಾಂಛನ ಪರದೆಯಲ್ಲಿ ಮಂಕಾಗಿ ಕಾಣುತ್ತದೆಂದು ಅದರ ಬಣ್ಣ ಗಾಢ ಮಾಡಲು ಹೋಗಬೇಡಿ. ಅದು ವರ್ಡ್ ತೋರಿಸುವ ರೀತಿ ಅಷ್ಟೇ, ಪ್ರಿಂಟ್ ಪೂರ್ತಿ ಬಣ್ಣದಲ್ಲಿ ಬರುತ್ತದೆ. ಪುಟಕ್ಕೆ ಕೊಟ್ಟ ಹಿನ್ನೆಲೆ ಬಣ್ಣದ್ದು ಇದಕ್ಕೆ ತಿರುಗುಮುರುಗು: ಪರದೆಯಲ್ಲಿ ಕಾಣುತ್ತದೆ, ಆಪ್ಷನ್ಸ್‌ನ ‘ಡಿಸ್‌ಪ್ಲೇ’ ಭಾಗದಲ್ಲಿ ಆರಿಸದಿದ್ದರೆ ಪ್ರಿಂಟ್ ಆಗುವುದಿಲ್ಲ. ಇಡೀ ಪುಟ ಕುಗ್ಗಿ ಬಲಬದಿಯಲ್ಲಿ ಬೂದು ಪಟ್ಟಿ ಬಂದಿದ್ದರೆ, ಟೆಂಪ್ಲೇಟಿನಲ್ಲಿ ಯಾರದೋ ಕಾಮೆಂಟ್ ಉಳಿದಿರುವ ಸಾಧ್ಯತೆ ಹೆಚ್ಚು. ಪ್ರಿಂಟ್ ಪುಟದಲ್ಲಿ ‘ಪ್ರಿಂಟ್ ಮಾರ್ಕಪ್’ ತೆಗೆದರೆ ತಕ್ಷಣಕ್ಕೆ ಸರಿಹೋಗುತ್ತದೆ. ಕಾಮೆಂಟ್ ಅಳಿಸಿದರೆ ಎಲ್ಲರಿಗೂ ಸರಿಹೋಗುತ್ತದೆ.

“ದಿನಾಂಕ ತಾನಾಗಿ ಬೀಳಲಿ, ಒಂದು ಕೆಲಸ ಕಡಿಮೆ”

ಈ ಅನುಕೂಲದಿಂದ ಆಗುವ ಹಾನಿ ಹಾಳೆ ಹಾಳಾಗುವುದಕ್ಕಿಂತ ದೊಡ್ಡದು. ದಿನಾಂಕ ಸೇರಿಸುವಾಗ ‘ತಾನಾಗಿ ಬದಲಾಗಲಿ’ ಎಂದು ಗುರುತು ಹಾಕಿದರೆ ಟೆಂಪ್ಲೇಟಿನಲ್ಲಿ ‘ಡೇಟ್’ ಎಂಬ ಫೀಲ್ಡ್ ಕೂರುತ್ತದೆ. ಅದು ಯಾವಾಗಲೂ ಇವತ್ತಿನ ದಿನಾಂಕವನ್ನೇ ತೋರಿಸುತ್ತದೆ. ಮಾರ್ಚ್‌ನಲ್ಲಿ ಕೊಟ್ಟ ನೋಟಿಸಿನ ಪ್ರತಿಯನ್ನು ಯಾರಾದರೂ ಮಾಹಿತಿ ಹಕ್ಕಿನಡಿ ಆಗಸ್ಟ್‌ನಲ್ಲಿ ಕೇಳಿ, ನೀವು ಕಂಪ್ಯೂಟರಿನಿಂದ ಮತ್ತೆ ಪ್ರಿಂಟ್ ತೆಗೆದರೆ ಅದರ ಮೇಲೆ ಆಗಸ್ಟ್‌ನ ದಿನಾಂಕ ಇರುತ್ತದೆ. ಕೊಟ್ಟವರ ಪ್ರಾಮಾಣಿಕತೆಯನ್ನೇ ಅನುಮಾನಿಸುವಂಥ ಪ್ರತಿ ಅದು. ಟೆಂಪ್ಲೇಟಿನಲ್ಲಿ ಬೇಕಾದದ್ದು ‘ಕ್ರಿಯೇಟ್‌ಡೇಟ್’ ಎಂಬ ಫೀಲ್ಡ್. ಹೊಸ ಪತ್ರ ಹುಟ್ಟಿದ ದಿನವನ್ನು ಅದು ಹಿಡಿದಿಡುತ್ತದೆ. ಈಗಾಗಲೇ ‘ಡೇಟ್’ ಇರುವ ಪತ್ರದಲ್ಲಿ ಮೊದಲು ಸರಿಯಾದ ದಿನಾಂಕವನ್ನು ಕಡತದ ವಹಿಯಲ್ಲಿ ನೋಡಿಕೊಂಡು ಟೈಪ್ ಮಾಡಿ. ಹೊಸದಾಗಿ ಬರೆದ ಪತ್ರವಾದರೆ ದಿನಾಂಕದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್, ಶಿಫ್ಟ್, ಎಫ್9 ಒಟ್ಟಿಗೆ ಒತ್ತಿದರೆ ಅದು ಸಾಮಾನ್ಯ ಅಕ್ಷರವಾಗಿ ಅಲ್ಲೇ ನಿಲ್ಲುತ್ತದೆ.

“ಪಿಡಿಎಫ್ ಮಾಡಿದರೆ ಎಲ್ಲ ಬಗೆಹರಿಯಿತು”

ಬಹುಮಟ್ಟಿಗೆ ನಿಜ. ಸಾಮಾನ್ಯವಾಗಿ ಫಾಂಟ್ ಒಳಗೇ ಸೇರುತ್ತದೆ, ಸಾಲು ಜಾರುವುದಿಲ್ಲ. ಆದರೆ ಪ್ರಿಂಟ್ ಕೊಡುವಾಗ ‘ಫಿಟ್’ ಎಂಬ ಆಯ್ಕೆ ಇದ್ದರೆ ಪುಟ ಕುಗ್ಗುತ್ತದೆ. ನಮೂನೆಗಳಿಗೆ ‘ಆ್ಯಕ್ಚುವಲ್ ಸೈಜ್’ ಬೇಕು.

“ಮೊದಲು ಡ್ರೈವರ್ ತೆಗೆದು ಮತ್ತೆ ಹಾಕೋಣ”

ಅದು ಕೊನೆಯ ಕೆಲಸ. ಮೊದಲು ವಿಂಡೋಸ್‌ನಿಂದ ಟೆಸ್ಟ್ ಪೇಜ್ ತೆಗೆಯಿರಿ. ಅದು ಬಾರದಿದ್ದರೆ ಮಾತ್ರ ಪ್ರಿಂಟರ್, ಕೇಬಲ್, ಡ್ರೈವರ್ ಕಡೆ ನೋಡಬೇಕು. ಬಂದರೆ ವರ್ಡ್‌ನಲ್ಲಿ ಖಾಲಿ ಡಾಕ್ಯುಮೆಂಟ್ ತೆರೆದು ನಾಲ್ಕು ಸಾಲು ಟೈಪ್ ಮಾಡಿ ಪ್ರಿಂಟ್ ಕೊಡಿ. ಅದೂ ಸರಿಯಾಗಿ ಬಂದರೆ ತಪ್ಪು ಟೆಂಪ್ಲೇಟಿನಲ್ಲಿದೆ, ಅಥವಾ ಟೆಂಪ್ಲೇಟ್ ಕೇಳುವ ಏನೋ ಈ ಕಂಪ್ಯೂಟರಿನಲ್ಲಿ ಇಲ್ಲ. ಖಾಲಿ ಡಾಕ್ಯುಮೆಂಟೇ ತಕರಾರು ಮಾಡಿದರೆ ಕಂಟ್ರೋಲ್ ಕೀ ಒತ್ತಿಹಿಡಿದು ವರ್ಡ್ ತೆರೆಯಿರಿ. ಸೇಫ್ ಮೋಡ್‌ನಲ್ಲಿ ಸರಿಯಾದರೆ ಯಾವುದೋ ಆ್ಯಡ್-ಇನ್ ಅಥವಾ ಆ ಕಂಪ್ಯೂಟರಿನ ಸ್ವಂತ ‘ನಾರ್ಮಲ್’ ಟೆಂಪ್ಲೇಟ್ ಕಾರಣ. ಇಷ್ಟಕ್ಕೆ ಸರ್ವೀಸ್‌ನವರು ಬರುವವರೆಗೆ ಕಾಯಬೇಕಿಲ್ಲ.

ತಪ್ಪು ಟೆಂಪ್ಲೇಟಿನಲ್ಲೇ ಇದೆ ಎಂದು ಗೊತ್ತಾದಮೇಲೂ ಎಷ್ಟೋ ಜನರ ತಿದ್ದುಪಡಿ ನಿಲ್ಲುವುದಿಲ್ಲ. ಟೆಂಪ್ಲೇಟ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವರ್ಡ್ ಅದರ ಆಧಾರದಲ್ಲಿ ಹೊಸ ಡಾಕ್ಯುಮೆಂಟ್ ತೆರೆಯುತ್ತದೆ. ನೀವು ತಿದ್ದಿದ್ದು ಆ ಹೊಸ ಪ್ರತಿಯನ್ನು. ಶೇರ್ಡ್ ಫೋಲ್ಡರ್‌ನಲ್ಲಿರುವ ಮೂಲ ಹಾಗೆಯೇ ಇರುತ್ತದೆ. ಅದನ್ನೇ ತಿದ್ದಲು ರೈಟ್ ಕ್ಲಿಕ್ ಮಾಡಿ ‘ಓಪನ್’ ಕೊಡಬೇಕು. ಮೂಲವನ್ನು ತಿದ್ದಿದರೂ ಈ ಮೊದಲೇ ಅದರಿಂದ ಹುಟ್ಟಿದ ಪತ್ರಗಳ ಮಾರ್ಜಿನ್, ಟ್ರೇ, ಫೂಟರ್ ಬದಲಾಗುವುದಿಲ್ಲ. ಮತ್ತೆ ಬಳಕೆಗೆ ಬರುವಂಥ ಹಳೆಯ ಪತ್ರಗಳಿದ್ದರೆ ಅವನ್ನು ಒಂದೊಂದಾಗಿ ತೆರೆದು ಸರಿಪಡಿಸಬೇಕು. ತಿದ್ದಿದ ಟೆಂಪ್ಲೇಟನ್ನು ಸೇವ್ ಮಾಡಿ, ಫೋಲ್ಡರ್‌ನಲ್ಲಿ ‘ರೀಡ್ ಓನ್ಲಿ’ ಮಾಡಿಟ್ಟು, ಕಡತದ ಹೆಸರಿನಲ್ಲೇ ತಿದ್ದಿದ ತಿಂಗಳು, ವರ್ಷ ಬರೆಯಿರಿ. ಹಳೆಯ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿರುವ ಶಾಖೆಯವರಿಗೆ ಹೊಸದು ಯಾವುದೆಂದು ಅದರಿಂದಲೇ ಗೊತ್ತಾಗುತ್ತದೆ.