ಛಾವಣಿಯ ಹಿಮ ಜಾರಿದಾಗ

ಎರಡು ದಿನ ಎಡೆಬಿಡದೆ ಹಿಮ ಸುರಿದು, ಮೂರನೆಯ ದಿನ ಆಕಾಶ ತಿಳಿಯಾಗಿ ಬಿಸಿಲು ಬಂದಿದೆ ಎಂದುಕೊಳ್ಳಿ. ಊರು ಶ್ರೀನಗರ. ಮನೆಯ ತಗಡಿನ ಛಾವಣಿಯ ಮೇಲೆ ಮೊಳದೆತ್ತರದ ಹಿಮ ಕುಳಿತಿದೆ. ಜನ ಬಿಸಿಲಿಗಾಗಿ ಅಂಗಳಕ್ಕೆ ಬರುತ್ತಾರೆ. ಇದ್ದಕ್ಕಿದ್ದಂತೆ ಗುಡುಗಿನಂತಹ ಸದ್ದು! ಛಾವಣಿಯ ಒಂದು ಮಗ್ಗುಲಿನ ಹಿಮವೆಲ್ಲ ಒಟ್ಟಾಗಿ ಜಾರಿ ನೆಲಕ್ಕೆ ಬೀಳುತ್ತದೆ. ಸೂರಿನ ಕೆಳಗೆ ಯಾರಾದರೂ ಇದ್ದರೆ ಪ್ರಾಣಾಪಾಯ. ಕಾಶ್ಮೀರದಲ್ಲಿ ಇಂತಹ ಸಾವುಗಳು ಸಂಭವಿಸಿವೆ.

ಹಿಮ ಬೀಳುತ್ತಿದ್ದಾಗ ಸುಮ್ಮನಿದ್ದದ್ದು ಬಿಸಿಲು ಬಂದಾಗ ಜಾರಿದ್ದೇಕೆ? ಅದೇ ಛಾವಣಿಗೆ ಸೌರಫಲಕಗಳನ್ನು ಹೊದಿಸಿದರೆ ಏನಾಗುತ್ತದೆ? ಉತ್ತರ ನೀವು ತರಗತಿಯಲ್ಲಿ ಕಲಿಯುವ ಇಳಿಜಾರಿನ ಪಾಠದಲ್ಲೇ ಇದೆ.

ಹಿಡಿದಿಡುವ ಘರ್ಷಣೆ

ಇಳಿಜಾರಿನ ಮೇಲಿರುವ ಹಿಮದ ತೂಕದ ಒಂದು ಘಟಕ ಅದನ್ನು ಕೆಳಕ್ಕೆ ಎಳೆಯುತ್ತದೆ. ಘರ್ಷಣೆ ಅದನ್ನು ತಡೆಯುತ್ತದೆ. ಇಳಿಜಾರಿನ ಕೋನದ ಟ್ಯಾನ್‌ಜೆಂಟ್ ಬೆಲೆ ಘರ್ಷಣಾ ಗುಣಾಂಕವನ್ನು ಮೀರಿದರೆ ವಸ್ತು ಜಾರುತ್ತದೆ. 30 ಡಿಗ್ರಿ ಕೋನಕ್ಕೆ ಈ ಬೆಲೆ ಸುಮಾರು 0.58. ಜೊತೆಗೆ, ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರುವಾಗ ಹಿಮದ ಕಣಗಳು ತಗಡಿಗೆ ಹೆಪ್ಪುಗಟ್ಟಿ ಅಂಟಿಕೊಂಡಿರುತ್ತವೆ.

ಬಿಸಿಲಿನಿಂದಲೋ ಮನೆಯೊಳಗಿನ ಶಾಖದಿಂದಲೋ ತಗಡು ಬೆಚ್ಚಗಾದಾಗ ಹಿಮದ ತಳಪದರ ಕರಗುತ್ತದೆ. ಅಂಟು ಬಿಡುತ್ತದೆ. ತೆಳುವಾದ ನೀರಿನ ಪೊರೆ ಜಾರುಕದಂತೆ ಕೆಲಸ ಮಾಡಿ ಘರ್ಷಣೆ ಥಟ್ಟನೆ ಇಳಿಯುತ್ತದೆ. ಮೇಲಿನ ಹಿಮ ಕರಗದೆ ಉಳಿದಿರುವಾಗಲೇ ಇಡೀ ಹಾಸು ಜಾರುವುದು ಹೀಗೆ.

ಪ್ರದೇಶಕ್ಕೆ ತಕ್ಕ ಛಾವಣಿ

ಜಪಾನಿನ ಶಿರಕಾವಾ-ಗೋ ಹಳ್ಳಿಯ ಹುಲ್ಲಿನ ಛಾವಣಿಗಳು ಸುಮಾರು 60 ಡಿಗ್ರಿಯಷ್ಟು ಕಡಿದಾಗಿವೆ. ಮುಗಿದ ಕೈಗಳಂತೆ ಕಾಣುವ ಈ ಮನೆಗಳ ಹಳ್ಳಿ 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹುಲ್ಲು ಒರಟಾದರೂ ಅಷ್ಟು ಕಡಿದಾದ ಇಳಿಜಾರಿನಲ್ಲಿ ಹಿಮ ಹೆಚ್ಚು ಕಾಲ ನಿಲ್ಲಲಾರದು. ಹಿಮಾಚಲ ಪ್ರದೇಶದ ಸ್ಲೇಟು ಕಲ್ಲಿನ ಛಾವಣಿಯಲ್ಲಿ ಒಂದರ ಮೇಲೊಂದು ಹೊದಿಸಿದ ಕಲ್ಲುಗಳ ಅಂಚುಗಳು ಹಿಮವನ್ನು ಹಿಡಿಯುತ್ತವೆ. ಅಲ್ಲಿ ಹಿಮ ಜಾರುವುದಕ್ಕಿಂತ ಕರಗುವುದೇ ಹೆಚ್ಚು. ಹಿಮ ಕಡಿಮೆ ಬೀಳುವ ಲೇಹ್‌ನಲ್ಲಿ ಮಣ್ಣಿನ ಮಟ್ಟಸ ಛಾವಣಿ ಸಾಕು. ಬಿದ್ದ ಹಿಮವನ್ನು ಸಲಿಕೆಯಿಂದ ತಳ್ಳುತ್ತಾರೆ. ತಗಡು ಮಾತ್ರ ನುಣುಪು, ಉಷ್ಣವಾಹಕ. ಅದು ಹಿಮವನ್ನು ಸ್ವಲ್ಪ ಹೊತ್ತು ಹಿಡಿದು ಒಮ್ಮೆಗೇ ಬಿಡುತ್ತದೆ.

ಒಂದು ಲೆಕ್ಕ ಮಾಡೋಣ

ಛಾವಣಿಯ ಒಂದು ಮಗ್ಗುಲು 10 ಮೀಟರ್ ಅಗಲ, ಇಳಿಜಾರಿನುದ್ದಕ್ಕೆ 6 ಮೀಟರ್ ಇದೆ. ಕೋನ 30 ಡಿಗ್ರಿ. ಹಿಮದ ದಪ್ಪ 40 ಸೆಂಟಿಮೀಟರ್. ಹೊಸ ಹಿಮ ಬಲು ಹಗುರ. ಕುಸಿದು ಕುಳಿತ ಹಿಮದ ಸಾಂದ್ರತೆಯನ್ನು ಘನಮೀಟರಿಗೆ 250 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಆಗ ಹಿಮದ ರಾಶಿ 60 × 0.4 × 250 = 6000 ಕಿಲೋಗ್ರಾಂ. ಆರು ಟನ್!

ಸೂರು ನೆಲದಿಂದ 5 ಮೀಟರ್ ಎತ್ತರದಲ್ಲಿದೆಯೆನ್ನಿ. ಘರ್ಷಣೆಯನ್ನು ಪೂರ್ತಿ ಕಡೆಗಣಿಸಿದರೆ, ಮೇಲಂಚಿನಿಂದ ಜಾರಿದ ಹಿಮ ಸೂರನ್ನು ದಾಟುವಾಗ ಅದರ ವೇಗ ಸೆಕೆಂಡಿಗೆ 7.7 ಮೀಟರ್. ನೆಲ ಮುಟ್ಟುವಾಗ 12.5 ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್. ಅದು ಬೀಳುವುದು ಸೂರಿನ ನೇರ ಕೆಳಗಲ್ಲ, ಸುಮಾರು 4.6 ಮೀಟರ್ ದೂರದಲ್ಲಿ. ಘರ್ಷಣೆ ಇರುವುದರಿಂದ ವಾಸ್ತವದ ಬೆಲೆಗಳು ಇದಕ್ಕಿಂತ ಕಡಿಮೆ. ಆದರೂ ಗೋಡೆಯಿಂದ ಎರಡು ಹೆಜ್ಜೆ ದೂರ ನಿಂತರೆ ಸಾಕು ಎಂಬ ನಂಬಿಕೆ ತಪ್ಪೆಂದು ಈ ಲೆಕ್ಕ ತೋರಿಸುತ್ತದೆ.

ಸೌರಫಲಕ ಬಂದಾಗ

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆ ಮನೆಗಳ ಛಾವಣಿಯ ಮೇಲೆ ಸೌರಫಲಕ ಅಳವಡಿಸಲು ಸಹಾಯಧನ ನೀಡುತ್ತದೆ. ಹಿಮ ಬೀಳುವ ನಾಡಿನಲ್ಲಿ ಫಲಕ ಹಾಕುವವರು ಒಂದು ಅಂಶವನ್ನು ನೆನಪಿಡಬೇಕು. ಫಲಕದ ಮೇಲ್ಮೈ ನುಣುಪಾದ ಗಾಜು. ಅದರಡಿಯ ಕೋಶಗಳು ಕಪ್ಪು. ಒಂದು ಅಂಚು ತೆರೆದುಕೊಂಡರೂ ಸಾಕು, ಅದು ಬಿಸಿಲನ್ನು ಹೀರಿ ಬೆಚ್ಚಗಾಗಿ ಪಕ್ಕದ ಹಿಮವನ್ನು ಸಡಿಲಿಸುತ್ತದೆ. ವಿದ್ಯುತ್ತಿಗೆ ಇದು ಒಳ್ಳೆಯದೇ, ಕೆಳಗಿರುವವರಿಗೆ ಅಲ್ಲ. ಹಿಮವನ್ನು ಹಿಡಿಯುತ್ತಿದ್ದ ಕಲ್ಲಿನ ಛಾವಣಿಯೂ ಫಲಕ ಹೊದ್ದ ಮೇಲೆ ಜಾರುಬಂಡೆಯಾಗುತ್ತದೆ.

ಪರಿಹಾರಗಳು ಎರಡು. ಒಂದು, ಹಿಮವನ್ನು ಹಿಡಿದಿಡುವುದು. ಇದಕ್ಕೆ ಸೂರಿಗೆ ಸಮಾಂತರವಾಗಿ ಕೊಳವೆ ಅಥವಾ ಪಟ್ಟಿಗಳ ಹಿಮತಡೆಗಳನ್ನು ಅಳವಡಿಸುತ್ತಾರೆ. ಆಲ್ಪ್ಸ್ ಪ್ರದೇಶದಲ್ಲಿ ಮರದ ದಿಮ್ಮಿಗಳನ್ನೂ ಹೀಗೆ ಬಳಸುವುದುಂಟು. ನಮ್ಮ ಲೆಕ್ಕದ ಛಾವಣಿಯಲ್ಲಿ ಕೆಳಮುಖ ಸೆಳೆತ 6000 × 9.8 × 0.5 = 29,400 ನ್ಯೂಟನ್. ಸೂರಿನ ಪ್ರತಿ ಮೀಟರಿಗೆ 2940 ನ್ಯೂಟನ್, ಎಂದರೆ 300 ಕಿಲೋಗ್ರಾಂ ತೂಕದಷ್ಟು. ತಗಡಿಗಷ್ಟೇ ಬಿಗಿದ ತಿರುಪು ಇದನ್ನು ತಡೆಯಲಾರದು. ಹಿಮತಡೆಗಳನ್ನು ಹಲವು ಸಾಲುಗಳಲ್ಲಿ, ಛಾವಣಿಯ ತೊಲೆಗಳಿಗೇ ಬಿಗಿಯಬೇಕು. ಹಿಡಿದಿಟ್ಟ ಹಿಮದ ಪೂರ್ತಿ ಭಾರವನ್ನು ಹೊರುವ ಶಕ್ತಿಯೂ ಕಟ್ಟಡಕ್ಕಿರಬೇಕು.

ಎರಡು, ಹಿಮ ಜಾರಲು ಬಿಟ್ಟು, ಅದು ಬೀಳುವ ಜಾಗವನ್ನು ಖಾಲಿ ಇಡುವುದು. ಬಾಗಿಲು, ಕಾಲುದಾರಿ, ಮಕ್ಕಳು ಆಡುವ ಜಾಗ ಫಲಕಗಳ ಇಳಿಜಾರಿನ ಕಡೆಗೆ ಇರಬಾರದು. ಕೆಳಗೆ ಇನ್ನೊಂದು ತಗ್ಗಾದ ಛಾವಣಿಯಿದ್ದರೆ ಮೇಲಿನ ಹಿಮದ ಹೊಡೆತ ಅದಕ್ಕೆ ಬೀಳುತ್ತದೆ ಎಂಬುದನ್ನೂ ಮರೆಯಬಾರದು.

ಹಿಮ ತೆಗೆಯಲು ಫಲಕದ ಮೇಲೆ ಬಿಸಿನೀರು ಸುರಿದರೆ ಗಾಜು ಸೀಳಬಹುದು. ಲೋಹದ ಸಲಿಕೆ ಗೀರು ಮಾಡುತ್ತದೆ. ಜಾರುವ ಛಾವಣಿ ಹತ್ತುವುದಂತೂ ಬೇಡವೇ ಬೇಡ. ವಿದ್ಯುತ್ ತಂತಿಗಳಿಂದ ದೂರದಲ್ಲಿ, ಹಿಮ ಬೀಳುವ ಹಾದಿಯಿಂದ ಆಚೆ ನಿಂತು, ಉದ್ದ ಹಿಡಿಯ ಮೆತ್ತನೆಯ ಗೋರೆಯಿಂದ ಎಳೆಯುವುದು ಕ್ಷೇಮ. ಅಷ್ಟು ದೂರದಿಂದ ಎಟುಕದಿದ್ದರೆ ಬಿಸಿಲಿಗೆ ಬಿಡುವುದೇ ಲೇಸು.

ಮಾಡಿ ನೋಡಿ

ಹಿಮ ಕಾಣದ ನಮ್ಮ ಶಾಲೆಗಳಲ್ಲೂ ಇದನ್ನು ಪರೀಕ್ಷಿಸಬಹುದು. ಒಂದು ತಗಡು, ಒರಟು ಹಲಗೆ, ಅಂಚಿಗೆ ಪಟ್ಟಿ ಸುತ್ತಿದ ಗಾಜಿನ ತುಂಡು ತೆಗೆದುಕೊಳ್ಳಿ. ಒಂದೊಂದರ ಮೇಲೂ ಮಂಜುಗಡ್ಡೆಯ ತುಂಡನ್ನಿಟ್ಟು ನಿಧಾನವಾಗಿ ಓರೆ ಮಾಡಿ. ಜಾರಲು ತೊಡಗಿದ ಕೋನವನ್ನು ಕೋನಮಾಪಕದಿಂದ ಅಳೆದು ಟ್ಯಾನ್‌ಜೆಂಟ್ ಕಂಡುಹಿಡಿಯಿರಿ. ಫ್ರಿಜ್ಜಿನಿಂದ ಆಗತಾನೇ ತೆಗೆದ ಒಣ ತುಂಡಿಗೂ ಕರಗತೊಡಗಿದ ತುಂಡಿಗೂ ಇರುವ ವ್ಯತ್ಯಾಸವನ್ನು ಗುರುತಿಸಿ. ಬಿಸಿಲು ಬಂದ ದಿನ ಕಾಶ್ಮೀರದ ಮಕ್ಕಳನ್ನು ಸೂರಿನ ಕೆಳಗೆ ಏಕೆ ಆಡಗೊಡಬಾರದು ಎಂಬುದಕ್ಕೆ ಆ ಎರಡು ಕೋನಗಳ ಅಂತರವೇ ಉತ್ತರ.