ಒಕ್ಕಲುಮನೆಯ ಗೃಹಿಣಿ

ಕಾಲೇಜು ಸೇರುವಾಗ ನಾವೆಲ್ಲರೂ ಅರ್ಜಿಯೊಂದನ್ನು ತುಂಬುತ್ತೇವೆ. ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ತಂದೆಯ ಉದ್ಯೋಗದ ಮುಂದೆ ‘ವ್ಯವಸಾಯ’ ಎಂದೂ, ತಾಯಿಯ ಉದ್ಯೋಗದ ಮುಂದೆ ‘ಗೃಹಿಣಿ’ ಎಂದೂ ಬರೆಯುವುದು ವಾಡಿಕೆ. ಮೊದಲನೆಯ ಮಾತು ನಿಜ. ಎರಡನೆಯದು ಸುಳ್ಳಲ್ಲದಿದ್ದರೂ ಪೂರ್ತಿ ನಿಜವಲ್ಲ. ಬಂಗಾರಪೇಟೆಯ ಸುತ್ತಿನ ಒಂದು ಹಳ್ಳಿಯಿಂದ ಬರುವವನಾದ ನಾನು ಈ ಲೇಖನದಲ್ಲಿ ನಮ್ಮ ಸೀಮೆಯ ಒಕ್ಕಲುಮನೆಯ ಹೆಂಗಸು ದಿನವೂ ಏನು ಮಾಡುತ್ತಾಳೆ, ಅದರಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತದೆ, ಉಳಿದದ್ದು ಏಕೆ ಬರುವುದಿಲ್ಲ ಎಂಬುದನ್ನು ತಿಳಿಸಲು ಯತ್ನಿಸಿದ್ದೇನೆ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಹೆಸರಿಗೆ ನದಿಯಾದರೂ ಮಳೆ ಬಂದಾಗಲೇ ಅದರಲ್ಲಿ ನೀರು. ಆದುದರಿಂದಲೇ ನಮ್ಮ ಹಿರಿಯರು ಹಳ್ಳಿಗೊಂದು ಕೆರೆ ಕಟ್ಟಿದರು. ಕೆರೆಗಳು ಬತ್ತಿದ ಮೇಲೆ ಕೊಳವೆ ಬಾವಿಗಳು ಬಂದುವು. ಅವು ಸಾವಿರ ಅಡಿಗೂ ಕೆಳಕ್ಕೆ ಇಳಿದುವು. ೨೦೧೮ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೆಲವು ಕೆರೆಗಳಿಗೆ ಹರಿದು ಬರುತ್ತಿದೆ. ಇಂಥ ನೆಲದಲ್ಲಿ ಒಂದೇ ಬೆಳೆಯನ್ನು ನಂಬಿ ಕುಳಿತರೆ ಸಂಸಾರ ಸಾಗದು. ರಾಗಿ ಊಟಕ್ಕೆ; ರೇಷ್ಮೆ, ಟೊಮೇಟೊ ಕಾಸಿಗೆ; ಹಸು ದಿನದ ಖರ್ಚಿಗೆ. ಈ ನಾಲ್ಕನ್ನೂ ಒಂದಕ್ಕೊಂದು ಹೊಂದಿಸಿ ನಡೆಸುವುದೇ ಇಲ್ಲಿಯ ಬೇಸಾಯ. ಆ ಹೊಂದಿಕೆಯ ಹೊರೆ ಬಹುಮಟ್ಟಿಗೆ ಹೆಂಗಸಿನ ತಲೆಯ ಮೇಲೆಯೇ ಇದೆ.

ರಾಗಿಯನ್ನೇ ತೆಗೆದುಕೊಳ್ಳಿ. ಉಳುವುದು, ಕುಂಟೆ ಹೊಡೆಯುವುದು ಗಂಡಸಿನ ಕೆಲಸ. ಈಗ ಅದನ್ನೂ ಬಹುಮಟ್ಟಿಗೆ ಟ್ರಾಕ್ಟರು ಮಾಡುತ್ತದೆ. ಕಳೆ ಕೀಳುವುದು, ಅಕ್ಕಡಿ ಸಾಲಿನ ಅವರೆ ತೊಗರಿಗಳನ್ನು ನೋಡಿಕೊಳ್ಳುವುದು, ಕೊಯ್ಲಿನಲ್ಲಿ ಬಗ್ಗಿ ನಿಲ್ಲುವುದು, ಕಣದಲ್ಲಿ ತೂರಿ ಕೇರಿ ಹಸನು ಮಾಡುವುದು ಹೆಂಗಸರ ಪಾಲು. ಮುಂದಿನ ವರ್ಷಕ್ಕೆಂದು ಒಳ್ಳೆಯ ತೆನೆಗಳನ್ನು ಆರಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪಿಟ್ಟು ಬಿತ್ತನೆಬೀಜವನ್ನು ಕಾಪಾಡಿಕೊಂಡು ಬಂದವರೂ ಅವರೇ. ಯಂತ್ರ ಬಂದದ್ದು ನೇಗಿಲಿನ ಬದಲಿಗೆ. ಕಳೆ ಕೀಳುವ ಕೈಗೆ ಬದಲಿಯಾಗಿ ಹೆಚ್ಚೇನೂ ಬರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ರೇಷ್ಮೆಯ ಕೆಲಸ ಇನ್ನೂ ಸೂಕ್ಷ್ಮವಾದುದು. ಮೊಟ್ಟೆಯೊಡೆದು ಹೊರಬಂದ ಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಚರ್ಮ ಬಿಡುತ್ತದೆ. ಇದಕ್ಕೆ ನಮ್ಮಲ್ಲಿ ‘ಜ್ವರ’ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು. ಎದ್ದ ಹುಳುವಿಗೆ ತಡಮಾಡಬಾರದು. ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲನ್ನು ನಾಲ್ಕನೆಯ ಜ್ವರ ಕಳೆದ ಮೇಲಿನ ಏಳೆಂಟು ದಿನಗಳಲ್ಲೇ ತಿಂದುಬಿಡುತ್ತದೆ. ಆ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಪೂರ್ತಿ ನಿದ್ದೆಯಿಲ್ಲ. ಹುಳು ಹಣ್ಣಾದೊಡನೆ ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅದು ತಟ್ಟೆಯಲ್ಲೇ ನೂಲು ಬಿಟ್ಟು ಗೂಡು ಹಾಳಾಗುತ್ತದೆ. ಹಣ್ಣಾದ ಹುಳುವಿನ ಮೈಬಣ್ಣವನ್ನು ಮಂದ ಬೆಳಕಿನಲ್ಲೂ ಗುರುತಿಸುವ ಕಣ್ಣು ಓದಿನಿಂದ ಬರುವುದಲ್ಲ. ನಮ್ಮ ತಾಯಿ ಅದನ್ನು ಅವರ ಅತ್ತೆಯಿಂದ ಕಲಿತರು.

ಸಂಸಾರದ ಮೂರನೆಯ ಕಂಬ ಹಾಲು. ನಮ್ಮ ಜಿಲ್ಲೆಯವರೇ ಆಗಿ ಕೇಂದ್ರದಲ್ಲಿ ಕೃಷಿ ಉಪಮಂತ್ರಿಗಳಾಗಿದ್ದ ಎಂ. ವಿ. ಕೃಷ್ಣಪ್ಪನವರ ಉತ್ಸಾಹದಿಂದ ಈ ಭಾಗದಲ್ಲಿ ಸೀಮೆಹಸುಗಳು ಬೇರೂರಿದುವೆಂದು ಹಿರಿಯರು ಈಗಲೂ ನೆನೆಯುತ್ತಾರೆ. ಇಂದು ಹಳ್ಳಿಹಳ್ಳಿಯಲ್ಲೂ ಹಾಲು ಉತ್ಪಾದಕರ ಸಹಕಾರ ಸಂಘವಿದೆ. ಬೆಳಗಿನ ಜಾವ ಕೊಟ್ಟಿಗೆ ಬಳಿದು, ಹಾಲು ಕರೆದು, ಡೈರಿಗೆ ಹೊತ್ತು, ಅಳತೆ ಮಾಡಿಸಿ, ಮತ್ತೆ ಸಂಜೆ ಅದನ್ನೇ ಮಾಡಬೇಕು. ಹಸುವಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ.

ಇಷ್ಟು ಸಾಲದೆಂಬಂತೆ ನಮ್ಮ ಸೀಮೆಗೆ ಇನ್ನೊಂದು ವಿಶೇಷವುಂಟು. ಚಿನ್ನದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಅಂದಿನಿಂದ ಮಾರಿಕುಪ್ಪಂ, ಕೋರಮಂಡಲ್, ಬಂಗಾರಪೇಟೆಗಳ ನಿಲ್ದಾಣಗಳಲ್ಲಿ ಬೆಂಗಳೂರಿನ ರೈಲಿಗೆ ಕಾಯುವವರ ಗುಂಪು ದೊಡ್ಡದಾಗಿದೆ. ಗಣಿಯ ಕಾಲೊನಿಗಳವರೊಡನೆ ಹಳ್ಳಿಯ ಗಂಡಸರೂ ಅದರಲ್ಲಿ ಇರುತ್ತಾರೆ. ಬೆಳಕು ಹರಿಯುವ ಮುನ್ನ ಹೋದವರು ರಾತ್ರಿ ಹಿಂದಿರುಗುತ್ತಾರೆ. ಹಗಲು ಹೊಲದಲ್ಲಿ ಯಾರು? ಮೋಟಾರು ಹಾಕುವವರು, ಕೂಲಿಯವರನ್ನು ಕರೆಯುವವರು, ಟೊಮೇಟೊ ಬಿಡಿಸಿ ಕ್ರೇಟಿಗೆ ತುಂಬಿಸುವವರು ಯಾರು? ಮನೆಯಾಕೆಯೇ. ಆಕೆ ಗಂಡನಿಗೆ ನೆರವಾಗುತ್ತಾಳೆಂಬ ಮಾತು ಇಂಥ ಮನೆಗಳ ಮಟ್ಟಿಗೆ ತಲೆಕೆಳಗಾದುದು. ಬೇಸಾಯ ಮಾಡುವವಳು ಆಕೆ, ನೆರವಾಗುವವನು ಆತ.

ಇನ್ನು ಲೆಕ್ಕದ ವಿಷಯ. ೧೯೭೧ರ ಜನಗಣತಿಯಲ್ಲಿ ಪ್ರತಿಯೊಬ್ಬರ ಮುಖ್ಯ ಕೆಲಸ ಯಾವುದೆಂದು ಕೇಳಲಾಯಿತು. ಹೆಂಗಸರ ಮುಖ್ಯ ಕೆಲಸ ಮನೆವಾರ್ತೆಯೆಂದು ಉತ್ತರ ಬಂತು. ಪರಿಣಾಮವಾಗಿ ದೇಶದಲ್ಲಿ ದುಡಿಯುವ ಹೆಂಗಸರ ಪ್ರಮಾಣ ೧೯೬೧ರಲ್ಲಿದ್ದುದರ ಸುಮಾರು ಅರ್ಧಕ್ಕೆ ಇಳಿಯಿತು! ಹೆಂಗಸರೇನೂ ದುಡಿಮೆ ಬಿಟ್ಟಿರಲಿಲ್ಲ. ಪ್ರಶ್ನೆ ಬದಲಾಗಿತ್ತು, ಅಷ್ಟೆ. ೨೦೧೯ರಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ ೨೯೯ ನಿಮಿಷ ಕೊಡುತ್ತಾರೆಂದೂ, ಅದನ್ನು ಮಾಡುವ ಗಂಡಸರು ೯೭ ನಿಮಿಷ ಕೊಡುತ್ತಾರೆಂದೂ ಕಂಡುಬಂತು. ೨೦೧೫–೧೬ರ ಕೃಷಿಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನವು ನೂರಕ್ಕೆ ಹದಿನಾಲ್ಕರಷ್ಟು ಮಾತ್ರ.

ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಏನಾಯಿತು, ಉಣ್ಣುವುದು ಒಂದೇ ಮಡಕೆಯಲ್ಲವೆ ಎಂದು ಕೆಲವರು ಕೇಳಬಹುದು. ಸಂಸಾರ ಸುಖವಾಗಿರುವವರೆಗೆ ಈ ಮಾತು ಸರಿ. ಬೆಳೆಸಾಲಕ್ಕೆ ಹೋದಾಗ, ಬೆಳೆವಿಮೆಗೆ ಬರೆದುಕೊಳ್ಳುವಾಗ, ಬರ ಪರಿಹಾರ ಹಂಚುವಾಗ ಅಧಿಕಾರಿಗಳು ನೋಡುವುದು ಪಹಣಿಯನ್ನು. ಗಂಡ ತೀರಿಕೊಂಡಾಗ ವಿಧವೆ ಪೌತಿ ಖಾತೆಗಾಗಿ ಓಡಾಡಬೇಕು. ಅಷ್ಟರಲ್ಲಿ ಮೈದುನಂದಿರ ತಕರಾರು ಬಂದರೆ ಇಪ್ಪತ್ತು ವರ್ಷ ತಾನೇ ಕಳೆ ಕಿತ್ತ ಹೊಲದಲ್ಲಿ ಆಕೆ ಪರಕೀಯಳಾಗುತ್ತಾಳೆ.

ಇದು ನಮ್ಮ ದೇಶದ ಕಥೆ ಮಾತ್ರವೆಂದು ತಿಳಿಯಬಾರದು. ಅಮೆರಿಕದ ನಡುನಾಡಿನ ಅಯೋವಾ, ಮಿನ್ನೆಸೋಟಾ ಮುಂತಾದ ರಾಜ್ಯಗಳಲ್ಲಿ ಜರ್ಮನಿ, ನಾರ್ವೆ, ಸ್ವೀಡನ್ನುಗಳಿಂದ ಹೋಗಿ ನೆಲಸಿದ ಲೂಥರ್ ಪಂಥದ ಒಕ್ಕಲು ಕುಟುಂಬಗಳು ಬಹಳವಾಗಿವೆ. ಅಲ್ಲಿಯ ಗೃಹಿಣಿ ಕೋಳಿ ಸಾಕಿ, ಕೆನೆ ತೆಗೆದು, ಮೊಟ್ಟೆ ಬೆಣ್ಣೆಗಳನ್ನು ಪೇಟೆಗೆ ಮಾರಿ ಮನೆಯ ದಿನಸಿ ತರುತ್ತಿದ್ದಳು. ಗೋಧಿ, ಜೋಳದ ಹಣ ಗಂಡನದು. ಮೊಟ್ಟೆಯ ಹಣ ಅವಳದು. ಬೆಳೆ ಕೆಟ್ಟ ವರ್ಷಗಳಲ್ಲಿ ಎಷ್ಟೋ ಮನೆಗಳನ್ನು ಕಾಪಾಡಿದ್ದು ಈ ಮೊಟ್ಟೆಯ ಹಣ. ೧೯೩೦ರ ದಶಕದ ನಡುವಿನವರೆಗೂ ಆ ದೇಶದಲ್ಲಿ ಹತ್ತು ಒಕ್ಕಲುಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ತು ಇತ್ತೆಂದರೆ ಆಕೆಯ ದುಡಿಮೆಯನ್ನು ಊಹಿಸಬಹುದು. ನಮ್ಮಲ್ಲೂ ೧೯೦೨ರಲ್ಲೇ ಶಿವನಸಮುದ್ರದಿಂದ ಗಣಿಗಳಿಗೆ ವಿದ್ಯುತ್ತು ಬಂದರೂ, ಆ ತಂತಿ ಹಾದು ಬಂದ ಹಳ್ಳಿಗಳ ಅಡಿಗೆಮನೆಗೆ ದೀಪ ಬರಲು ದಶಕಗಳೇ ಬೇಕಾದುವಲ್ಲವೆ?

ಆ ದೇಶದಲ್ಲಿ ಗಂಡ ಸತ್ತಾಗ, ಜಂಟಿ ಹೆಸರಿನಲ್ಲಿದ್ದ ಹೊಲವನ್ನೂ ಪೂರ್ತಿ ಗಂಡನದೆಂದೇ ಎಣಿಸಿ ತೆರಿಗೆ ಹಾಕುತ್ತಿದ್ದರು. ತನ್ನ ಸ್ವಂತ ಹಣ ಹಾಕಿದ್ದೇನೆಂದು ವಿಧವೆಯೇ ರುಜುವಾತು ಮಾಡಬೇಕಾಗಿತ್ತು. ದುಡಿಮೆ ರುಜುವಾತಾಗಿ ಸಲ್ಲುತ್ತಿದ್ದುದು ಕಷ್ಟ. ಒಕ್ಕಲಗಿತ್ತಿಯರು ಇದನ್ನು ‘ವಿಧವೆಯ ತೆರಿಗೆ’ ಎಂದು ಕರೆದು ಹೋರಾಡಿದರು. ೧೯೮೧ರ ಕಾನೂನಿನಿಂದ ಆ ಹೊರೆ ತಪ್ಪಿತು. ನೆರೆಯ ಕೆನಡಾದಲ್ಲಿ ಐರೀನ್ ಮರ್ಡಾಕ್ ಎಂಬಾಕೆ, ಗಂಡ ವರ್ಷಕ್ಕೆ ಹಲವು ತಿಂಗಳು ಹೊರಗಿರುತ್ತಿದ್ದಾಗ ದನಗಳ ಕಾವಲನ್ನೂ ಹುಲ್ಲಿನ ಕೊಯ್ಲನ್ನೂ ತಾನೇ ನಡೆಸಿದ್ದಳು. ಬೇರೆಯಾಗುವಾಗ ಪಾಲು ಕೇಳಿದಳು. ಅದು ಯಾವ ಒಕ್ಕಲಿಗನ ಹೆಂಡತಿಯಾದರೂ ಮಾಡುವ ಕೆಲಸವೆಂದು ಹೇಳಿ, ೧೯೭೩ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆಸ್ತಿಯಲ್ಲಿ ಪಾಲು ಕೊಡಲಿಲ್ಲ. ದೇಶದ ಹೆಂಗಸರು ಸಿಡಿದೆದ್ದರು. ಆ ದಶಕ ಮುಗಿಯುವುದರೊಳಗಾಗಿ ಪ್ರಾಂತಗಳು ಕಾನೂನನ್ನು ತಿದ್ದಿದುವು.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಹಳ್ಳಿಗಳಲ್ಲೂ ಹಾಲಿನ ಹಣ ಮತ್ತು ಗೂಡಿನ ಹಣ ಬೇರೆ ಬೇರೆ ದಾರಿ ಹಿಡಿಯುತ್ತವೆ. ಡೈರಿಯಲ್ಲಿ ಹಾಲು ಹಾಕಿದವರ ಹೆಸರಿನ ಎದುರು ದಿನಕ್ಕೆರಡು ಬಾರಿ ಅಳತೆ ಬರೆಯುತ್ತಾರೆ. ಮಹಿಳೆಯರದೇ ಆದ ಹಾಲಿನ ಸಂಘಗಳೂ ಇವೆ. ಆದುದರಿಂದ ಆ ಹಣ ಆಕೆಯ ಕೈಗೆ ಸಿಕ್ಕುವುದುಂಟು; ಮಕ್ಕಳ ಫೀಜು ಅದರಿಂದ ಹೊರಡುವುದುಂಟು. ರೇಷ್ಮೆಗೂಡು ಹಾಗಲ್ಲ. ತಿಂಗಳು ನಿದ್ದೆಗೆಟ್ಟವಳು ಒಬ್ಬಳು. ಗೂಡನ್ನು ಮಾರುಕಟ್ಟೆಗೆ ಒಯ್ದು, ಹರಾಜು ಕೂಗಿಸಿ, ಹಣ ಎಣಿಸಿಕೊಳ್ಳುವವನು ಇನ್ನೊಬ್ಬ. ಅದೇ ಮನೆ, ಅದೇ ಕೈ. ಆದರೆ ಅಳತೆ ಯಾರ ಹೆಸರಿನಲ್ಲಿ ನಡೆಯಿತೋ ದುಡಿಮೆಯೂ ಅವರದೆನಿಸಿತು. ಇದರಿಂದ ನಾವು ಕಲಿಯಬೇಕಾದುದು ಸ್ಪಷ್ಟ. ಬರೀ ಹೊಗಳಿಕೆಯಿಂದ ಗೌರವ ಬಾರದು, ಹೆಸರು ದಾಖಲೆಯಲ್ಲಿರಬೇಕು.

ಕಾನೂನು ಸುಮ್ಮನಿಲ್ಲ. ಕರ್ನಾಟಕವು ೧೯೯೪ರಲ್ಲೇ ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ೨೦೦೫ರಲ್ಲಿ ಕೇಂದ್ರವೂ ಅದನ್ನು ದೇಶಕ್ಕೆಲ್ಲ ಅನ್ವಯಿಸಿತು. ಆದರೆ ಅದು ಮಗಳ ಹಕ್ಕು. ಮದುವೆಯಾಗಿ ಬಂದ ಮನೆಯ ಹೊಲದಲ್ಲಿ ದುಡಿಯುವವಳನ್ನು ರೈತಳೆಂದು ಗುರುತಿಸುವ ಪ್ರಶ್ನೆ ಬೇರೆ. ಎಂ. ಎಸ್. ಸ್ವಾಮಿನಾಥನ್ ಅವರು ರಾಜ್ಯಸಭೆಯಲ್ಲಿ ಮಹಿಳಾ ರೈತರ ಹಕ್ಕುಗಳ ಮಸೂದೆಯನ್ನು ಮಂಡಿಸಿದರು. ಅದು ಕಾನೂನಾಗದೆ ೨೦೧೩ರಲ್ಲಿ ಬಿದ್ದುಹೋಯಿತು. ವಿಶ್ವಸಂಸ್ಥೆ ೨೦೨೬ನ್ನು ಅಂತರರಾಷ್ಟ್ರೀಯ ಮಹಿಳಾ ರೈತರ ವರ್ಷವೆಂದು ಸಾರಿದೆ.

ಅಷ್ಟು ದೊಡ್ಡವರ ಕೆಲಸ ಹಾಗಿರಲಿ. ವಿದ್ಯಾರ್ಥಿಗಳಾದ ನಾವು ಮಾಡಬಹುದಾದ ಸಣ್ಣ ಕೆಲಸಗಳಿವೆ. ಪಹಣಿಯನ್ನು ಓದಲು ಬಲ್ಲವರು ನಮ್ಮ ಎಷ್ಟೋ ಮನೆಗಳಲ್ಲಿ ನಾವೇ ಮೊದಲಿಗರು. ಅದನ್ನು ತೆಗೆಸಿ ತಾಯಿಗೂ ಓದಿ ಹೇಳಬಹುದು. ವಿಭಾಗಪತ್ರದಿಂದಲೋ ದಾನಪತ್ರದಿಂದಲೋ ಆಕೆಯ ಹೆಸರಿಗೂ ಒಂದು ಭಾಗ ಬರೆಯಬಹುದೆಂದೂ, ಕುಟುಂಬದೊಳಗಿನ ಇಂಥ ಪತ್ರಗಳಿಗೆ ಕ್ರಯಪತ್ರಕ್ಕಿಂತ ಶುಲ್ಕ ಬಹಳ ಕಡಮೆಯೆಂದೂ ತಂದೆಗೆ ತಿಳಿಸಬಹುದು. ಡೈರಿಯ ಸದಸ್ಯತ್ವ ಹಾಲು ಕರೆಯುವವರ ಹೆಸರಿನಲ್ಲಿದೆಯೆ ಎಂದು ಕೇಳಬಹುದು. ಗೂಡಿನ ಮಾರುಕಟ್ಟೆಗೆ ಒಂದು ಬಾರಿ ತಾಯಿಯನ್ನೂ ಕರೆದೊಯ್ಯಬಹುದು. ತಾನು ಸಾಕಿದ ಹುಳುವಿನ ಬೆಲೆ ಎಷ್ಟೆಂದು ಆಕೆಯೇ ಕಿವಿಯಾರೆ ಕೇಳಲಿ.