ರಾಣಿ ರೂಪಾಯಿಯ ಚುಕ್ಕೆ ಲೆಕ್ಕ

ವಿಕ್ಟೋರಿಯಾ ರಾಣಿಯ ಮುಖವಿರುವ 1862ರ ಬೆಳ್ಳಿ ರೂಪಾಯಿ ನಮ್ಮ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಇವತ್ತಿಗೂ ಇದೆ. ಲಕ್ಷ್ಮೀಪೂಜೆಯ ದಿನ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಮತ್ತೆ ಡಬ್ಬಿಗೆ ಸೇರಿಸುತ್ತೇವೆ. ಆದರೆ ಅದರ ಮೇಲೆ 1862 ಎಂದಿದೆಯೆಂದು ಅದೇ ವರ್ಷ ತಯಾರಾದದ್ದು ಎನ್ನುವಂತಿಲ್ಲ. 1874ರಲ್ಲಿ ಆಯಾ ವರ್ಷದ ಇಸವಿ ಹಾಕಲು ಶುರುಮಾಡುವವರೆಗೂ ಎಲ್ಲ ರೂಪಾಯಿಗಳನ್ನೂ 1862 ಎಂದೇ ಟಂಕಿಸಿದರು. ಯಾವುದು ಯಾವ ವರ್ಷದ್ದೆಂದು ತಿಳಿಯಲು ಮುಂಬಯಿ ಟಂಕಸಾಲೆಯವರು ಅಚ್ಚಿನಲ್ಲಿ ಚುಕ್ಕೆ ಸೇರಿಸುತ್ತ ಹೋದರು. ಇಸವಿಯ ಕೆಳಗೆ ಒಂದು, ಎರಡು, ಮೂರು. ಕೆಲವದರಲ್ಲಿ ಮೇಲ್ಗಡೆಯೂ ಒಂದೆರಡು. ಸಾಸಿವೆಗಿಂತ ಸಣ್ಣ ಉಬ್ಬುಗಳು. ಸಂಗ್ರಾಹಕರು ಇವನ್ನೆಣಿಸಿಯೇ ನಾಣ್ಯದ ವಯಸ್ಸು ಹೇಳುತ್ತಾರೆ.

ಈ ಚುಕ್ಕೆಗಳನ್ನು ನನಗೆ ತೋರಿಸಿಕೊಟ್ಟವರು ಮುಲುಂಡಿನಲ್ಲಿ ನೆಲೆಸಿರುವ ಕುಂದಾಪುರ ಕಡೆಯ ಹಿರಿಯರೊಬ್ಬರು. ಹೆಸರು ಬೇಡವೆಂದಿದ್ದಾರೆ. ಅರವತ್ತರ ದಶಕದ ಆರಂಭದಲ್ಲಿ ಹುಡುಗನಾಗಿ ಮುಂಬಯಿಗೆ ಬಂದು, ಮಾಟುಂಗದ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಗಲ್ಲಾದಲ್ಲಿ ಕೂತವರು. 1957ರಲ್ಲೇ ನಯಾ ಪೈಸೆ ಬಂದಿದ್ದರೂ ಆರನೆಯ ಜಾರ್ಜ್‌ನ ನಿಕ್ಕಲ್ ನಾಣ್ಯಗಳು ಆಗಲೂ ಗಿರಾಕಿಗಳ ಚಿಲ್ಲರೆಯಲ್ಲಿ ಬರುತ್ತಿದ್ದವು. ಒಂದು ಬದಿ ರಾಜ, ಇನ್ನೊಂದು ಬದಿ ಹುಲಿ. ರಾತ್ರಿ ಲೆಕ್ಕ ಮುಗಿದ ಮೇಲೆ ಅವನ್ನು ಆರಿಸಿ, ಬದಲಿಗೆ ತಮ್ಮ ಸಂಬಳದ ದುಡ್ಡು ಹಾಕಿ ತೆಗೆದಿಡುತ್ತಿದ್ದರು. ಹುಲಿಯಿಂದ ಹಿಡಿದ ಹುಚ್ಚು ಹಿಂದಕ್ಕೆ ಹಿಂದಕ್ಕೆ ಸರಿದು ರಾಣಿಯವರೆಗೆ ಬಂತು. ರಜೆಯ ದಿನ ಫೋರ್ಟಿನ ಫುಟ್‌ಪಾತ್, ಚೋರ್ ಬಜಾರ್ ಸುತ್ತುವುದೇ ಅವರ ಮನರಂಜನೆ.

ಅವರು ನಾಣ್ಯ ನೋಡುವ ಕ್ರಮವನ್ನೇ ನೋಡುತ್ತ ಕೂರಬಹುದು. ಮೊದಲು ಮೇಜಿಗೆ ಹಳೆಯ ಪಂಚೆಯ ತುಂಡು ಹಾಸುತ್ತಾರೆ, ಬಿದ್ದರೆ ಅಂಚು ಜಜ್ಜಬಾರದು. ಗಡಿಯಾರ ರಿಪೇರಿಯವರ ಕಣ್ಣುಗಾಜು ಸಿಕ್ಕಿಸಿಕೊಂಡು, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು, ಬೆಳಕಿಗೆ ಓರೆಯಾಗಿ ಮೆಲ್ಲಗೆ ತಿರುಗಿಸುತ್ತಾರೆ. ನೇರ ಬೆಳಕಿನಲ್ಲಿ ಸವೆದ ಚುಕ್ಕೆ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಅದರ ನೆರಳು ಕಾಣುತ್ತದೆ. ನಾನು ರಾಣಿಯ ಕಿರೀಟ ನೋಡುತ್ತಿದ್ದರೆ ಅವರು ತಡೆದರು: "ಮುಖ ಕಾಂಬುದ್ ಆಮೇಲೆ ಮಾರಾಯ್ರೆ, ಮೊದ್ಲ್ ಇಸವಿ ಅಡಿಗ್ ಕಾಣಿ." ಪಕ್ಕದಲ್ಲಿ ಒಂದು ಶಾಲಾ ನೋಟ್‌ಬುಕ್. ಪ್ರತಿ ಪುಟದಲ್ಲೂ ಪೆನ್ಸಿಲಿನಿಂದ ಬರೆದ ವೃತ್ತ, ಒಳಗೆ ಹೂಬಳ್ಳಿ, ಚುಕ್ಕೆಗಳ ಜಾಗ, ತೂಕ, ಕೊಂಡ ಬೆಲೆ. ಮುದ್ರಿತ ಕ್ಯಾಟಲಾಗ್ ಕೊಳ್ಳಲು ದುಡ್ಡಿಲ್ಲದ ಕಾಲದಲ್ಲಿ ಶುರುಮಾಡಿದ್ದಂತೆ. ನನಗೆ ನಾಣ್ಯಗಳಿಗಿಂತ ಆ ನೋಟ್‌ಬುಕ್ಕೇ ಹೆಚ್ಚು ಬೆಲೆಯದ್ದೆನಿಸಿತು.

ಮುಖಗಳ ಕತೆಯನ್ನೂ ಅವರಿಂದಲೇ ಕೇಳಬೇಕು. ಕಂಪನಿ ಸರ್ಕಾರ 1835ರಲ್ಲಿ ತನ್ನ ಆಡಳಿತದ ಪ್ರದೇಶಗಳಿಗೆಲ್ಲ ಒಂದೇ ಬಗೆಯ ರೂಪಾಯಿ ತಂದಾಗ ಅದರ ಮೇಲಿದ್ದವನು ನಾಲ್ಕನೆಯ ವಿಲಿಯಂ. 1840ರಿಂದ ಕಿರೀಟವಿಲ್ಲದ ಎಳೆಯ ವಿಕ್ಟೋರಿಯಾ, 1862ರಿಂದ ಕಿರೀಟದ ರಾಣಿ, 1877ರಿಂದ ಅದೇ ಮುಖದ ಸುತ್ತ ಚಕ್ರವರ್ತಿನಿ ಎಂಬ ಬಿರುದು. 1903ರಿಂದ ಬೋಳುತಲೆಯ ಏಳನೆಯ ಎಡ್ವರ್ಡ್. ಒಬ್ಬರು ಎಡಕ್ಕೆ ನೋಡಿದರೆ ಮುಂದಿನವರು ಬಲಕ್ಕೆ ನೋಡುವುದು ಬ್ರಿಟಿಷರ ಸಂಪ್ರದಾಯ. ವಿಕ್ಟೋರಿಯಾ ಎಡಕ್ಕೆ, ಎಡ್ವರ್ಡ್ ಬಲಕ್ಕೆ, ಐದನೆಯ ಜಾರ್ಜ್ ಎಡಕ್ಕೆ. ಆರನೆಯ ಜಾರ್ಜ್ ಕೂಡ ಎಡಕ್ಕೇ ನೋಡುತ್ತಾನೆ, ಏಕೆಂದರೆ ನಡುವೆ 1936ರಲ್ಲಿ ಪಟ್ಟ ಬಿಟ್ಟ ಎಂಟನೆಯ ಎಡ್ವರ್ಡ್‌ನ ಸರದಿಯನ್ನು ಲೆಕ್ಕದಲ್ಲಿ ಹಿಡಿದರು. ಆ ಎಡ್ವರ್ಡ್‌ನ ಮುಖದ ರೂಪಾಯಿ ನಮ್ಮಲ್ಲಿ ಬರಲೇ ಇಲ್ಲ. ಕಛ್ ಸಂಸ್ಥಾನದ ನಾಣ್ಯದಲ್ಲಿ ಮಾತ್ರ ಅವನ ಹೆಸರಿದೆ.

ಬಜಾರಿನಲ್ಲಿ ಎಲ್ಲರೂ ಕೇಳುವುದು 1911ರ ಜಾರ್ಜ್ ರೂಪಾಯಿ. ರಾಜನ ನಿಲುವಂಗಿಯ ಮೇಲೆ ಆನೆಯ ಚಿತ್ರವಿತ್ತು. ಸೊಂಡಿಲು ಗಿಡ್ಡವಾಗಿ, ಅದು ಹಂದಿಯಂತೆ ಕಂಡಿತು. ಜನ ಮುಟ್ಟಲೊಲ್ಲರು ಎಂಬ ಗದ್ದಲ ಎದ್ದಿತು. ಮುಂಬಯಿ, ಕಲ್ಕತ್ತೆಗಳಲ್ಲಿ ಟಂಕಿಸಿದ್ದ ಸುಮಾರು 94 ಲಕ್ಷದಲ್ಲಿ ಹೊರಗೆ ಹೋದದ್ದು ಏಳು ಲಕ್ಷದಷ್ಟು, ಉಳಿದವನ್ನು ಕರಗಿಸಿದರು. 1912ರ ನಾಣ್ಯದಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು.

ಹಾಗಾದರೆ ಮುಂದೆ ಬೆಲೆ ಬರುವುದು ಯಾವುದಕ್ಕೆ? ಬೆಳ್ಳಿಯ ಲೆಕ್ಕ ಸುಲಭ. 1939ರವರೆಗಿನ ರೂಪಾಯಿ 11.66 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ಬರೀ ನಿಕ್ಕಲ್. ಅದರ ಮೇಲೆ ಸಿಗುವ ಬೆಲೆಯೆಲ್ಲ ಎಷ್ಟು ಉಳಿದಿವೆ, ಎಷ್ಟು ಚೆನ್ನಾಗಿ ಉಳಿದಿವೆ ಎಂಬುದರದ್ದು. ಹುಣಿಸೆಹಣ್ಣು ಹಾಕಿ ತಿಕ್ಕಿದ ನಾಣ್ಯವನ್ನು ಸಂಗ್ರಾಹಕ ಕೈಯಲ್ಲಿ ಹಿಡಿದು ವಾಪಸು ಕೊಡುತ್ತಾನೆ. ಕಾಸಿನ ಸರಕ್ಕೆಂದು ಬೆಸುಗೆ ಹಾಕಿ ಕೊಂಡಿ ಕೂರಿಸಿದ್ದಕ್ಕೂ ಅದೇ ಗತಿ. 1918ರಲ್ಲಿ ಮುಂಬಯಿ ಟಂಕಸಾಲೆ ಐದನೆಯ ಜಾರ್ಜ್‌ನ ಚಿನ್ನದ ಪವನುಗಳನ್ನೂ ಹೊಡೆದಿತ್ತು, ಅದೊಂದೇ ವರ್ಷ, ಸುಮಾರು 13 ಲಕ್ಷ. ಇಸವಿಯ ಮೇಲೆ ಸಣ್ಣ 'ಐ' ಅಕ್ಷರ ಅದರ ಗುರುತು. ನಮ್ಮ ಅಜ್ಜಿಯರ ಸರಗಳಲ್ಲಿ ಅಂಥವು ಎಷ್ಟು ಸೇರಿಹೋಗಿವೆಯೋ!

ಈಗ ಲಂಡನ್ನಿನಲ್ಲಿರುವ ಮಕ್ಕಳು ಮೂರನೆಯ ಚಾರ್ಲ್ಸ್‌ನ ನಾಣ್ಯ ತಂದು, ಇದಕ್ಕೂ ಮುಂದೆ ಬೆಲೆ ಬಂದೀತೇ ಎಂದು ಕೇಳುತ್ತಾರಂತೆ. ಕೋಟಿಗಟ್ಟಲೆ ಹೊಡೆದು ಎಲ್ಲರೂ ಎತ್ತಿಟ್ಟ ನಾಣ್ಯಕ್ಕೆ ಬೇಗ ಬೆಲೆ ಬಾರದು ಎಂಬುದು ಹಿರಿಯರ ತೀರ್ಪು, ನನ್ನದೂ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂಬ ಫೋನುಗಳನ್ನಂತೂ ನಂಬಲೇಬೇಡಿ. ತನ್ನ ಹೆಸರಿನಲ್ಲಿ ನಡೆಯುವ ಇಂಥ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ನೂರು ವರ್ಷ ದಾಟಿದ ನಾಣ್ಯವನ್ನು ಪರವಾನಗಿಯಿಲ್ಲದೆ ವಿದೇಶಕ್ಕೆ ಒಯ್ಯುವಂತೆಯೂ ಇಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ.

ಹಿರಿಯರ ಸಂಕಟ ಬೇರೆ. ಬೆಳ್ಳಿ ಏರಿದಾಗಲೆಲ್ಲ ಮನೆಮನೆಯ ರಾಣಿ ರೂಪಾಯಿಗಳು ಝವೇರಿ ಬಜಾರಿನ ಮೂಸೆಗೆ ಹೋಗುತ್ತವೆ. ಅಲ್ಲಿ ಚುಕ್ಕೆ ನೋಡುವವರಿಲ್ಲ, ತೂಕ ಒಂದೇ. ಅಪರೂಪದ ಅಚ್ಚುಗಳು ಹಾಗೆಯೇ ಗಟ್ಟಿಯಾಗಿ ಹೊರಬರುತ್ತವೆ. ದಯವಿಟ್ಟು ಮಾರುವ ಮುನ್ನ ಬಲ್ಲವರೊಬ್ಬರಿಗೆ ತೋರಿಸಿ. ಫೋರ್ಟಿನ ಅಮರ್ ಕಟ್ಟಡದಲ್ಲಿ 2004ರಲ್ಲಿ ಅಬ್ದುಲ್ ಕಲಾಂ ಉದ್ಘಾಟಿಸಿದ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಇವನ್ನೆಲ್ಲ ಹೊಡೆದ ಟಂಕಸಾಲೆ ಮಾತ್ರ ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ ಕಾವಲಿನ ಗೇಟಿನಾಚೆ ಉಳಿದಿದೆ. 1820ರ ದಶಕದಲ್ಲಿ ಎದ್ದ ಆ ಕಂಬಸಾಲಿನ ಕಟ್ಟಡವನ್ನು ನಾವು ಬಸ್ಸಿನ ಕಿಟಕಿಯಿಂದಷ್ಟೇ ಬಲ್ಲೆವು. ಹೈದರಾಬಾದಿನ ಸೈಫಾಬಾದ್ ಟಂಕಸಾಲೆಯಲ್ಲಿ 2022ರಲ್ಲಿ ವಸ್ತುಸಂಗ್ರಹಾಲಯ ತೆರೆದರು. ಮುಂಬಯಿಯಲ್ಲೂ ಒಂದು ಕೋಣೆಯನ್ನಾದರೂ ಜನರಿಗೆ ತೆರೆಯಬೇಕು. ಮುಲುಂಡಿನ ಹಿರಿಯರ ಮಕ್ಕಳಿಗೆ ನಾಣ್ಯದಲ್ಲಿ ಆಸಕ್ತಿಯಿಲ್ಲ. ಅಂಥದ್ದೊಂದು ಕೋಣೆ ಆದರೆ ತಮ್ಮ ನೋಟ್‌ಬುಕ್ಕನ್ನು ಅಲ್ಲಿಗೆ ಕೊಡಲು ಅವರು ಸಿದ್ಧರಿದ್ದಾರೆ.